‘ಶಕಿತ’ ಅಂತ ಓದಿದ ಹುಡುಗ

ಆ ಉಕ್ತಲೇಖನದ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಹನ್ನೆರಡನೇ ಪುಟದಲ್ಲಿ ‘ನಕ್ಷತ್ರ’ ಅನ್ನೋ ಪದ ಮೂರು ಸಲ ಬಂದಿದೆ. ಒಂದು ಕಡೆ ‘ನಕತ್ರ’, ಇನ್ನೊಂದು ಕಡೆ ‘ನಷತ್ರ’, ಕೊನೆಗೆ ‘ನಕಷತರ’. ಮೂರರ ಕೆಳಗೂ ನನ್ನ ಕೆಂಪು ಗೆರೆ. ಪುಟದ ಬುಡದಲ್ಲಿ ನನ್ನದೇ ಕೈಬರಹ: ‘ಗಮನ ಕೊಟ್ಟು ಬರೆ. ತಪ್ಪಾದ ಪದ ಹತ್ತು ಸಲ.’ ಅವನು ಹತ್ತು ಸಲ ಬರೆದಿದ್ದಾನೆ. ಮೊದಲ ನಾಲ್ಕು ಸರಿ ಇವೆ. ಐದನೆಯದರಿಂದ ಮತ್ತೆ ‘ನಕತ್ರ’. ಅದಕ್ಕೂ ಗೆರೆ ಎಳೆದು ಸಹಿ ಹಾಕಿದ್ದೇನೆ.

ನಾಲ್ಕನೇ ತರಗತಿ. ನಲವತ್ತೊಂದು ಮಕ್ಕಳು. ನಾನು ಅವರಿಗೆ ಕನ್ನಡ ಮತ್ತು ಪರಿಸರ ಪಾಠ ಮಾಡುತ್ತಿದ್ದೆ. ಹುಡುಗನ ಹೆಸರು ಬೇಡ. ಕಿಟಕಿ ಪಕ್ಕ ಕೂರುತ್ತಿದ್ದ, ಹಾಗಾಗಿ ಇಲ್ಲಿ ಕಿಟಕಿ ಹುಡುಗ ಅಂತಲೇ ಕರೆಯುತ್ತೇನೆ.

ಅವನು ದಡ್ಡ ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ. ಹಾಗೆ ಅನ್ನಿಸಿದ್ದರೇ ವಾಸಿ ಇತ್ತೇನೋ, ಬೇಗ ಯಾರನ್ನಾದರೂ ಕೇಳುತ್ತಿದ್ದೆ. ಪರಿಸರ ಪಾಠದಲ್ಲಿ ಅವನೇ ಮುಂದು. ಮಳೆ ಹೇಗೆ ಬರುತ್ತದೆ ಅಂತ ಕೇಳಿದರೆ ಪುಸ್ತಕದಲ್ಲಿ ಇರೋದಕ್ಕಿಂತ ಜಾಸ್ತಿ ಹೇಳುತ್ತಿದ್ದ. ಅದನ್ನೇ ಬರೆ ಅಂದರೆ ಎರಡು ಸಾಲು, ಅದರಲ್ಲೂ ಅರ್ಧ ನನಗೆ ಅರ್ಥ ಆಗುತ್ತಿರಲಿಲ್ಲ. ಇಷ್ಟು ಚುರುಕು ಇರೋನು ಬರೆಯೋದಿಲ್ಲ ಅಂದರೆ ಸೋಮಾರಿತನ, ಅಷ್ಟೇ ಅಂದುಕೊಂಡೆ. ಮಗು ಬಾಯಲ್ಲಿ ಚುರುಕಾಗಿದ್ದರೆ ಶಿಕ್ಷಕರು ಮೋಸ ಹೋಗುವುದು ಹೀಗೆಯೇ.

ಇನ್ನೊಂದು ನೆಪವೂ ಇತ್ತು. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರ. ಅದರ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತು. ಎಲ್ಲವೂ ಪೂರ್ತಿ ಕೈಗೆ ಹತ್ತಲು ಮಕ್ಕಳಿಗೆ ಮೂರು ನಾಲ್ಕು ವರ್ಷ ಬೇಕೇ ಬೇಕು. ಒಂದನೇ ತರಗತಿಯವರು ‘ಇನ್ನೂ ಚಿಕ್ಕವನು, ಬರುತ್ತೆ ಬಿಡಿ’ ಅಂದಿರುತ್ತಾರೆ. ಎರಡನೆಯವರೂ ಅದನ್ನೇ ಅಂದಿರುತ್ತಾರೆ. ಹಾಗೆ ಕಾಯುತ್ತಾ ಕಾಯುತ್ತಾ ಹುಡುಗ ನನ್ನ ತರಗತಿಗೆ ಬಂದಿದ್ದ.

ಒಂದು ದಿನ ಎಲ್ಲರ ಮುಂದೆ ನಿಲ್ಲಿಸಿ ಪಾಠ ಓದಿಸಿದೆ. ‘ಶಕ್ತಿ’ ಅನ್ನೋ ಪದ ಬಂತು. ಅವನು ‘ಶಕಿತ’ ಅಂದ. ತರಗತಿ ನಕ್ಕಿತು. ‘ಸರಿಯಾಗಿ ನೋಡು’ ಅಂದೆ. ಪುಸ್ತಕವನ್ನು ಮುಖದ ಹತ್ತಿರ ತಂದು, ಬೆರಳಿಟ್ಟು, ಮತ್ತೆ ‘ಶಕಿತ’ ಅಂದ. ಈ ಸಲ ಇನ್ನೂ ಜೋರಾಗಿ ನಕ್ಕರು. ನನಗೂ ಸ್ವಲ್ಪ ನಗು ಬಂದಿತ್ತು. ಮುಚ್ಚಿಟ್ಟುಕೊಂಡೆ, ಆದರೆ ಅವನು ನೋಡಿದ.

ಮರುದಿನದಿಂದ ಹೊಟ್ಟೆನೋವು ಶುರುವಾಯಿತು. ಎರಡನೇ ಪೀರಿಯಡ್ ಬಂದರೆ ಸಾಕು, ಹೊಟ್ಟೆ ಹಿಡಿದುಕೊಂಡು ನಿಲ್ಲುತ್ತಿದ್ದ. ಎರಡು ವಾರ ಆದಮೇಲೆ ಹಾಜರಿ ಪುಸ್ತಕ ತಿರುವಿ ಹಾಕಿದಾಗ ಗೊತ್ತಾಯಿತು. ಹೊಟ್ಟೆನೋವು ಬಂದ ದಿನವೆಲ್ಲ ನಾನು ಓದಿಸುವ ದಿನವೇ. ಪರಿಸರ ಪಾಠ ಇದ್ದ ದಿನ ಒಂದು ಸಲವೂ ನೋವು ಬಂದಿರಲಿಲ್ಲ.

ನಮ್ಮಲ್ಲಿಗೆ ವಾರಕ್ಕೊಮ್ಮೆ ಒಬ್ಬ ಸ್ಪೆಷಲ್ ಎಜುಕೇಟರ್, ಅಂದರೆ ಕಲಿಕೆಯಲ್ಲಿ ತೊಂದರೆ ಇರೋ ಮಕ್ಕಳಿಗೆ ಕಲಿಸೋ ಶಿಕ್ಷಕಿ, ಬರುತ್ತಿದ್ದರು. ಹಿರಿಯರು, ಮಾತು ಕಡಿಮೆ. ಅವರ ಮುಂದೆ ಉಕ್ತಲೇಖನದ ಪುಸ್ತಕ ಇಟ್ಟೆ. ‘ನೋಡಿ ಮೇಡಂ, ಇಪ್ಪತ್ತಕ್ಕೆ ಹದಿನಾಲ್ಕು ತಪ್ಪು’ ಅಂದೆ. ಅವರು ಅಂಕದ ಕಡೆ ನೋಡಲೇ ಇಲ್ಲ. ‘ಯಾವ ಹದಿನಾಲ್ಕು?’ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ನಾನೇ ತಿದ್ದಿದ ಪುಸ್ತಕ ಅದು.

ಅವರು ಹೇಳಿದ ಕೆಲಸ ಸುಲಭದ್ದು. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಬೇಕು. ಎಡಗಡೆ ನಾನು ಹೇಳಿದ ಪದ, ಬಲಗಡೆ ಅವನು ಬರೆದದ್ದು ಇದ್ದ ಹಾಗೆ. ಮೂರು ವಾರ ತಿದ್ದಬಾರದು, ಬೈಯಬಾರದು, ಸುಮ್ನೆ ಬರೆದುಕೊಳ್ಳಬೇಕು. ಓದುವಾಗಲೂ ಅಷ್ಟೇ.

ಮೊದಲ ವಾರ ಬೇಜಾರು ಹಿಡಿಯಿತು. ಎರಡನೇ ವಾರದ ಕೊನೆಗೆ ಆ ಕಾಲಂಗಳು ಮಾತಾಡಲು ಶುರುಮಾಡಿದವು. ‘ಮರ’, ‘ಕಮಲ’, ‘ಬಸವ’ ಇಂಥವು ಯಾವತ್ತೂ ತಪ್ಪಿರಲಿಲ್ಲ. ದೀರ್ಘ ಬಿಟ್ಟುಹೋಗುತ್ತಿತ್ತು, ‘ಶಾಲೆ’ ಹೋಗಿ ‘ಶಲೆ’. ಒತ್ತು ಇದ್ದಲ್ಲೆಲ್ಲ ಎಡವುತ್ತಿದ್ದ, ಆದರೆ ಎಲ್ಲ ಒತ್ತಿನಲ್ಲೂ ಒಂದೇ ಥರ ಅಲ್ಲ. ‘ಅಪ್ಪ’, ‘ಅಕ್ಕ’ ಬಹುಪಾಲು ಸರಿ. ‘ಪುಸ್ತಕ’ ಬಂದರೆ ‘ಪುಸತಕ’. ಒತ್ತಿನ ಜೊತೆ ಗುಡಿಸು ಸೇರಿದರೆ ಮುಗಿಯಿತು.

ಆಗ ‘ಶಕಿತ’ ನೆನಪಾಯಿತು. ‘ಶಕ್ತಿ’ ಅಂತ ಬೋರ್ಡ್ ಮೇಲೆ ಬರೆದು, ಕನ್ನಡ ಬರದವಳ ಹಾಗೆ ನೋಡಿದೆ. ಶ ಇದೆ. ಆಮೇಲೆ ಕ, ಅದರ ತಲೆಯ ಮೇಲೆ ಗುಡಿಸು. ಅಂದರೆ ಕಣ್ಣಿಗೆ ಕಾಣೋದು ‘ಕಿ’. ಕೆಳಗೆ ತ ಒತ್ತು. ಇಕಾರದ ಸದ್ದು ಬರಬೇಕಾದ್ದು ತಕಾರಕ್ಕೆ, ಆದರೆ ಗುರುತು ಕೂತಿರೋದು ಕಕಾರದ ತಲೆ ಮೇಲೆ. ಶ, ಕಿ, ತ. ಹುಡುಗ ಕಂಡದ್ದನ್ನು ಕಂಡ ಹಾಗೆ ಓದಿದ್ದ! ‘ಸೂರ್ಯ’ ಪದವೂ ಹೀಗೇ. ರಕಾರ ಮೊದಲು ಕೇಳುತ್ತದೆ, ಅರ್ಕಾವತ್ತು ಮಾತ್ರ ಯ ಆದಮೇಲೆ ಬರುತ್ತದೆ. ಅವನು ‘ಸೂಯರ’ ಅನ್ನುತ್ತಿದ್ದ. ನನ್ನ ಪ್ರಕಾರ ಅದು ಗಮನ ಇಲ್ಲದವನ ತಪ್ಪಲ್ಲ, ಅತಿ ಗಮನ ಕೊಟ್ಟವನ ತಪ್ಪು.

ಉಳಿದ ಮಕ್ಕಳಿಗೆ ಇದು ಯಾರೂ ಹೇಳಿಕೊಡದೆ ಬಂದುಬಿಡುತ್ತದೆ. ನೂರು ಸಲ ಕಂಡಮೇಲೆ ಪದ ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ. ಇವನಿಗೆ ನೂರನೇ ಸಲವೂ ಅದು ಹೊಸ ಪದವೇ.

ಸ್ಪೆಷಲ್ ಎಜುಕೇಟರ್ ಅವನ ಜೊತೆ ಒಂದು ಆಟ ಆಡಿದರು. ಪುಸ್ತಕ ಇಲ್ಲ, ಪೆನ್ಸಿಲ್ ಇಲ್ಲ. ‘ಕಮಲ’ ಅನ್ನು. ಈಗ ಮಧ್ಯದ ‘ಮ’ ತೆಗೆದು ಹೇಳು. ತರಗತಿಯ ಬೇರೆ ಮಕ್ಕಳು ತಕ್ಷಣ ‘ಕಲ’ ಅಂದರು. ಇವನು ತುಂಬಾ ಹೊತ್ತು ಯೋಚಿಸಿ ‘ಕಮ’ ಅಂದ. ಸಮಸ್ಯೆ ಕಣ್ಣಿನಲ್ಲಿ ಇಲ್ಲ, ಪದವನ್ನು ಸದ್ದುಗಳಾಗಿ ಬಿಡಿಸಿ ಅಕ್ಷರಕ್ಕೆ ಜೋಡಿಸೋ ಜಾಗದಲ್ಲಿ ಇದೆ ಅಂತ ಅವರು ಹೇಳಿದರು. ಇಂಥ ಓದು ಬರಹದ ತೊಂದರೆಗೆ ಇರೋ ಡಿಸ್ಲೆಕ್ಸಿಯಾ ಅನ್ನೋ ಪದ ಆವತ್ತು ಅವರು ಬಳಸಲಿಲ್ಲ. ‘ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ’ ಅಂದರು.

ಅದಕ್ಕೆ ಮನೆಯವರನ್ನು ಕರೆಸಬೇಕಿತ್ತು. ಆ ಭೇಟಿಯನ್ನು ನಾನು ಪೂರ್ತಿ ಕೆಡಿಸಿದೆ. ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ನಾನು ನೋಟ್‌ಬುಕ್ ತೆರೆದು, ಕಾಲಂ ತೋರಿಸಿ, ತಪ್ಪುಗಳನ್ನು ಒಂದೊಂದಾಗಿ ವಿವರಿಸಿದೆ. ‘ತೊಂದರೆ’, ‘ಟೆಸ್ಟ್’, ‘ಮನಶ್ಶಾಸ್ತ್ರಜ್ಞರು’ ಅನ್ನೋ ಮೂರು ಪದ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅಪ್ಪ ಎದ್ದು ನಿಂತರು. ‘ನನ್ನ ಮಗನಿಗೆ ತಲೆ ಸರಿ ಇಲ್ಲ ಅಂತೀರಾ ಮೇಡಂ?’ ಅಮ್ಮ ತಲೆ ಎತ್ತಲಿಲ್ಲ. ಹತ್ತು ನಿಮಿಷದಲ್ಲಿ ಭೇಟಿ ಮುಗಿಯಿತು.

ಎರಡನೇ ಸಲ ನೋಟ್‌ಬುಕ್ ಮುಚ್ಚಿಟ್ಟೆ. ಅವನು ಮಳೆಯ ಬಗ್ಗೆ ಮಾತಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ, ಅದನ್ನು ಕೇಳಿಸಿದೆ. ನಾಲ್ಕು ನಿಮಿಷ. ಅಪ್ಪ ನಗುತ್ತಾ ಕೇಳಿದರು. ಆಮೇಲೆ ಅದೇ ವಿಷಯದ ಮೇಲೆ ಅವನು ಬರೆದ ಎರಡು ಸಾಲು ಮುಂದಿಟ್ಟೆ. ‘ಇಷ್ಟೆಲ್ಲ ಗೊತ್ತಿರೋ ಹುಡುಗನಿಗೆ ಇಷ್ಟೇ ಬರೆಯೋಕೆ ಆಗ್ತಿದೆ. ಮಧ್ಯ ಎಲ್ಲೋ ಕಟ್ಟಿಕೊಂಡಿದೆ. ಎಲ್ಲಿ ಅಂತ ಹುಡುಕೋಣ’ ಅಂದೆ.

ಡಿಸ್ಲೆಕ್ಸಿಯಾ ಬಗ್ಗೆ ನಾನು ಓದಿಕೊಂಡಿದ್ದ ಒಂದು ಹಳೆಯ ಸಂಗತಿಯನ್ನೂ ಹೇಳಿದೆ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಗೆ ಬರೆದಿದ್ದರು. ಬುದ್ಧಿವಂತ, ಕಣ್ಣು ಚೆನ್ನಾಗಿದೆ, ಆದರೆ ಓದಲು ಬರುತ್ತಿಲ್ಲ. ಪಾಠವೆಲ್ಲ ಬಾಯಲ್ಲೇ ನಡೆಯುವುದಾಗಿದ್ದರೆ ಶಾಲೆಗೇ ಇವನು ಜಾಣ ಅನ್ನಿಸಿಕೊಳ್ಳುತ್ತಿದ್ದ ಅಂತ ಆ ಹುಡುಗನ ಮೇಷ್ಟ್ರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ನೂರು ವರ್ಷಕ್ಕೂ ಹಿಂದೆ, ಬೇರೆ ದೇಶದಲ್ಲಿ, ಬೇರೆ ಲಿಪಿಯಲ್ಲಿ ನಮ್ಮ ಹುಡುಗನೇ ಕೂತಿದ್ದ ಹಾಗಿತ್ತು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಂಡತಿಯ ಕಡೆ ತಿರುಗದೆ ಹೇಳಿದರು: ‘ನಂಗೂ ಹಿಂಗೇ ಇತ್ತು ಮೇಡಂ. ಈಗಲೂ ಫಾರ್ಮ್ ತುಂಬೋದು ಅವಳೇ.’ ಇದು ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ ಅಂತ ನನಗೆ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲ. ಅವರ ಮುಖದಲ್ಲಿ ಆ ಕ್ಷಣ ಏನೋ ಸಡಿಲವಾಯಿತು. ಇಷ್ಟು ದಿನ ಮಗನನ್ನು ಕೂರಿಸಿಕೊಂಡು ಓದಿಸದ ತಪ್ಪು ತನ್ನದೇ ಅಂದುಕೊಂಡಿದ್ದರಂತೆ.

ಕಣ್ಣು ಸರಿ ಇತ್ತು, ಕಿವಿ ಸರಿ ಇತ್ತು. ಮೌಲ್ಯಮಾಪನ ಮೂರು ದಿನ, ಬಿಡಿಬಿಡಿಯಾಗಿ ನಡೆಯಿತು. ವರದಿ ಹನ್ನೊಂದು ಪುಟ. ಹತ್ತೂವರೆ ಪುಟದಲ್ಲಿ ಅಂಕಿಗಳು, ಕೊನೆಯ ಅರ್ಧ ಪುಟದಲ್ಲಿ ಶಿಕ್ಷಕರಿಗೆ ಸಲಹೆ. ಮುಂದಿನ ಬೆಂಚಿನಲ್ಲಿ ಕೂರಿಸಿ, ಹೆಚ್ಚು ಸಮಯ ಕೊಡಿ, ಪ್ರೋತ್ಸಾಹಿಸಿ. ಈ ಮೂರನ್ನು ಯಾವ ಮಗುವಿನ ವರದಿಗೆ ಬೇಕಾದರೂ ಅಂಟಿಸಬಹುದು ಅಲ್ವಾ? ‘ಮುಂದಿನ ಬೆಂಚು’ ಅನ್ನೋದು ಹೇಗೆ ಮೋಸ ಮಾಡುತ್ತದೆ ಅಂತ ಮುಂದೆ ಹೇಳುತ್ತೇನೆ.

ವರದಿ ಹಿಡಿದು ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಅವನೊಬ್ಬನಿಗೇ ಹೊಂದುವ ಕಲಿಕೆಯ ಗುರಿಗಳು, ಬರೆಯಲು ಕೂತೆ. ಮೊದಲ ಕರಡಿನಲ್ಲಿ ಹದಿನಾಲ್ಕು ಗುರಿ. ‘ಓದುವ ಸಾಮರ್ಥ್ಯ ಹೆಚ್ಚಿಸುವುದು’, ‘ಆತ್ಮವಿಶ್ವಾಸ ಬೆಳೆಸುವುದು’. ಸ್ಪೆಷಲ್ ಎಜುಕೇಟರ್ ಒಂದೊಂದರ ಮುಂದೂ ಬೆರಳಿಟ್ಟು ಕೇಳಿದರು: ‘ಇದು ಆಗಿದೆ ಅಂತ ನಿಮಗೆ ಯಾವ ದಿನ ಗೊತ್ತಾಗುತ್ತೆ?’ ಹನ್ನೊಂದು ಗುರಿ ಅಲ್ಲೇ ಸತ್ತವು. ಉಳಿದ ಮೂರರಲ್ಲಿ ಮೊದಲನೆಯದು ಹೀಗಿತ್ತು: ಎರಡು ತಿಂಗಳಲ್ಲಿ, ಸಜಾತಿ ಒತ್ತಕ್ಷರ ಇರೋ 20 ಪದ ಕೊಟ್ಟರೆ 16 ಸರಿಯಾಗಿ ಓದಬೇಕು. ‘ಹಳ್ಳ’, ‘ಬೆಟ್ಟ’, ‘ಹಗ್ಗ’ ಇಂಥವು. ಎರಡನೆಯದು ವಿಜಾತಿ ಒತ್ತು. ಮೂರನೆಯದು, ಒತ್ತಿನ ಜೊತೆ ಸ್ವರದ ಗುರುತು ಸೇರೋ ‘ಶಕ್ತಿ’ಯ ಗುಂಪು. ‘ನಕ್ಷತ್ರ’ ಈ ವರ್ಷ ಬೇಡ ಅಂತ ಬಿಟ್ಟೆವು.

ಈಗ ಕೆಲಸದ ವಿಷಯ. ದಿನಕ್ಕೆ ಹತ್ತು ನಿಮಿಷ, ಪ್ರಾರ್ಥನೆ ಮುಗಿದ ತಕ್ಷಣ. ಕಣ್ಣು, ಕಿವಿ, ಕೈ ಮೂರನ್ನೂ ಸೇರಿಸಿ ಅಕ್ಷರ ಕಲಿಸುವ ದಾರಿ ಹಳೆಯದು. ಅಮೆರಿಕದ ವೈದ್ಯ ಸ್ಯಾಮುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲಿ ಇದನ್ನು ರೂಪಿಸಿದರು. ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಸುವುದು ಇಂಥ ಪಾಠಗಳಲ್ಲಿ ಎಲ್ಲರಿಗೂ ಗೊತ್ತಿರೋ ಉಪಾಯ. ನಾನೂ ಒಂದು ತಟ್ಟೆ ತಂದೆ. ಹುಡುಗ ಅದನ್ನು ನೋಡಿ, ಬಾಗಿಲ ಕಡೆ ನೋಡಿ, ‘ಇದು ಚಿಕ್ಕ ಮಕ್ಕಳದ್ದು ಮಿಸ್’ ಅಂದ. ನಾಲ್ಕನೇ ತರಗತಿಯವನ ಮರ್ಯಾದೆಯ ಪ್ರಶ್ನೆ. ತಟ್ಟೆ ಕಪಾಟಿಗೆ ಹೋಯಿತು.

ಅದರ ಬದಲು ಕಪ್ಪು ಹಲಗೆ ಮೇಲೆ ಒದ್ದೆ ಬೆರಳಿನಿಂದ ಬರೆಸಿದೆ. ಪಕ್ಕದಲ್ಲಿ ಒಂದು ಲೋಟ ನೀರು. ಸದ್ದು ಹೇಳುತ್ತಾ ದೊಡ್ಡದಾಗಿ ಬರೆಯಬೇಕು. ಒಂದು ನಿಮಿಷದಲ್ಲಿ ಅದು ಆರಿ ಮಾಯ. ಇದು ಅವನಿಗೆ ಭಾರೀ ಹಿಡಿಸಿತು. ಯಾಕೆ ಅಂತ ಕೇಳಿದ್ದಕ್ಕೆ, ‘ತಪ್ಪಾದ್ರೂ ಯಾರಿಗೂ ಕಾಣಲ್ಲ’ ಅಂದ. ನಾನು ಕೆಂಪು ಪೆನ್ನು ಬಿಟ್ಟದ್ದು ಅವತ್ತಿನಿಂದ.

‘ಶಕ್ತಿ’ಗೆ ಬೇರೆ ಸಾಮಾನು ಬೇಕಾಯಿತು. ರಟ್ಟಿನ ಮೇಲೆ ನೀಲಿಯಲ್ಲಿ ಕ, ಹಸಿರಿನಲ್ಲಿ ತ. ಪಾರದರ್ಶಕ ಹಾಳೆಯ ಚೂರಿನ ಮೇಲೆ ಕೆಂಪಿನಲ್ಲಿ ಗುಡಿಸು. ಮೊದಲು ಪದವನ್ನು ಕಿವಿಗೆ ಕೇಳೋ ಕ್ರಮದಲ್ಲಿ ಜೋಡಿಸಬೇಕು: ಶ, ಕ್, ತಿ. ಗುಡಿಸು ತಕಾರದ ಮೇಲೆ. ಆಮೇಲೆ ತಕಾರವನ್ನು ಕಕಾರದ ಕೆಳಗೆ ತಳ್ಳಬೇಕು. ತಳ್ಳಿದಾಗ ಗುಡಿಸಿಗೆ ಜಾಗ ಇರೋದಿಲ್ಲ, ಅದು ಮೇಲೆ ಹತ್ತಿ ಕೂರುತ್ತದೆ. ‘ಒತ್ತು ಕೆಳಗೆ ಹೋಯ್ತು, ಟೋಪಿ ಮೇಲೆ ಬಿಟ್ಟುಹೋಯ್ತು’ ಅಂತ ಅವನೇ ಒಂದು ಮಾತು ಕಟ್ಟಿದ. ಆಮೇಲೆ ಓದುವಾಗ ಒತ್ತು ಕಂಡರೆ ನಿಲ್ಲುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ‘ಟೋಪಿ ಯಾರದು?’ ಅಂತ ತನ್ನನ್ನೇ ಕೇಳಿಕೊಳ್ಳುತ್ತಿದ್ದ.

ಇನ್ನೊಂದು ಸಾಮಾನು ಕಿಟಕಿ ಚೀಟಿ. ದಪ್ಪ ಹಾಳೆಯಲ್ಲಿ ಒಂದೇ ಸಾಲು ಕಾಣುವಷ್ಟು ಉದ್ದದ ಕಿಂಡಿ ಕತ್ತರಿಸಿದ್ದು. ಪುಟದ ಮೇಲೆ ಇಟ್ಟರೆ ಉಳಿದ ಸಾಲುಗಳು ಮುಚ್ಚಿಹೋಗುತ್ತವೆ. ಇದು ಡಿಸ್ಲೆಕ್ಸಿಯಾ ವಾಸಿ ಮಾಡೋದಿಲ್ಲ, ಸಾಲು ತಪ್ಪದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಅಷ್ಟಕ್ಕೇ ಅವನ ಭುಜ ಸ್ವಲ್ಪ ಇಳಿಯಿತು.

ಬೋರ್ಡ್ ನೋಡಿ ನೋಟ್ಸ್ ಬರೆಯೋದನ್ನು ಅವನಿಗೆ ಅರ್ಧ ಮಾಡಿದೆ. ಅವನ ಪೀರಿಯಡ್ಡೆಲ್ಲ ನಕಲು ಮಾಡೋದರಲ್ಲೇ ಕಳೆಯುತ್ತಿತ್ತು. ಒಂದು ಪದ ನೋಡು, ತಲೆ ತಗ್ಗಿಸು, ಮರೆತುಹೋಯಿತು, ಮತ್ತೆ ತಲೆ ಎತ್ತು, ಸಾಲು ಎಲ್ಲಿ? ನಾನೇ ಬರೆದ ನೋಟ್ಸಿನ ಜೆರಾಕ್ಸ್ ಕೊಟ್ಟು, ಮುಖ್ಯ ಪದಗಳಿಗೆ ಮಾತ್ರ ಖಾಲಿ ಜಾಗ ಬಿಟ್ಟೆ.

ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಸಹಾಯಕ್ಕೆ ಇರಲಿ ಅಂತ ಒಬ್ಬ ಜಾಣೆಯನ್ನು ಅವನ ಪಕ್ಕ ಕೂರಿಸಿದೆ. ಎರಡು ವಾರ ಅವನ ಬರಹ ಅದ್ಭುತವಾಗಿ ಸುಧಾರಿಸಿತು. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಓಡಾಡಿದೆ. ಆಮೇಲೆ ಒಂದು ದಿನ ಅವನ ಪುಸ್ತಕದಲ್ಲಿ ‘ಅ’ಗಳು ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಅವಳದೇ ಕೈಬರಹ! ‘ಅವನಿಗೆ ಕಷ್ಟ ಆಗುತ್ತೆ ಮಿಸ್, ಅದಕ್ಕೆ ನಾನೇ ಬರೆದುಕೊಡ್ತಿದ್ದೆ.’ ಸಹಾಯ ಮಾಡು ಅಂದದ್ದು ನಾನು, ಹೇಗೆ ಮಾಡಬೇಕು ಅಂತ ಹೇಳಿದವರು ಯಾರೂ ಇಲ್ಲ. ಆಮೇಲೆ ನಿಯಮ ಬದಲಾಯಿತು. ಪ್ರಶ್ನೆ ಅವಳು ಓದುತ್ತಾಳೆ, ಉತ್ತರ ಅವನು ಹೇಳುತ್ತಾನೆ, ಪೆನ್ಸಿಲ್ ಅವರವರ ಕೈಯಲ್ಲೇ ಇರುತ್ತದೆ.

‘ಅವನಿಗೆ ಮಾತ್ರ ಯಾಕೆ ಕಮ್ಮಿ?’ ಅನ್ನೋ ಪ್ರಶ್ನೆ ಬಂದೇ ಬಂತು. ಕೇಳಿದವರು ಮಕ್ಕಳಿಗಿಂತ ಮೊದಲು ನನ್ನ ಸಹೋದ್ಯೋಗಿಗಳು. ಮಕ್ಕಳಿಗೆ ಉತ್ತರ ಕೊಡೋದು ಸುಲಭವಾಯಿತು. ಪರಿಸರ ಪಾಠದ ಉತ್ತರವನ್ನು ಬರೆಯಬಹುದು, ಚಿತ್ರ ಬಿಡಿಸಿ ಹೆಸರು ಹಾಕಬಹುದು, ಅಥವಾ ನನ್ನ ಮುಂದೆ ನಿಂತು ಹೇಳಬಹುದು ಅಂತ ಎಲ್ಲರಿಗೂ ಬಿಟ್ಟೆ. ಮೊದಲ ದಿನ ಹದಿನೇಳು ಜನ ಹೇಳುತ್ತೇವೆ ಅಂತ ಕ್ಯೂ ನಿಂತರು. ಎದುರು ನಿಂತು ಹೇಳೋದು ಬರೆಯೋದಕ್ಕಿಂತ ಕಷ್ಟ ಅಂತ ಗೊತ್ತಾಗಿ ಮುಂದಿನ ವಾರ ಆರು ಜನ ಉಳಿದರು. ಆಮೇಲೆ ಯಾರೂ ಕೇಳಲಿಲ್ಲ.

ಈಗ ಮುಂದಿನ ಬೆಂಚಿನ ವಿಷಯ. ಅದೇ ತರಗತಿಯಲ್ಲಿ ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕುವ ಹುಡುಗಿ ಇದ್ದಳು. ಅವಳನ್ನು ವರ್ಷದ ಮೊದಲ ದಿನವೇ ಮೊದಲ ಬೆಂಚಿನ ನಡುವೆ ಕೂರಿಸಿ, ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಕಿಟಕಿ ಹುಡುಗನಿಗಾಗಿ ನೋಟ್‌ಬುಕ್ ಇಟ್ಟ ಮೇಲೆ ಇವಳಿಗೂ ಒಂದು ಪುಟ ತೆಗೆದೆ. ಕಂಡದ್ದು ಇಷ್ಟು: ನಾನು ಮಾತಾಡುವಾಗ ಅವಳು ಸರಿಯಾಗಿರುತ್ತಿದ್ದಳು. ಹಿಂದಿನಿಂದ ಯಾರಾದರೂ ಉತ್ತರ ಹೇಳಿದರೆ ತಿರುಗಿ ಹುಡುಕುತ್ತಿದ್ದಳು, ಮುಖ ಸಿಗೋದರೊಳಗೆ ಉತ್ತರ ಮುಗಿದಿರುತ್ತಿತ್ತು. ತರಗತಿಯ ಅರ್ಧ ಪಾಠ ಅವಳ ಬೆನ್ನ ಹಿಂದೆ ನಡೆಯುತ್ತಿತ್ತು.

ಎರಡನೇ ಸಾಲಿನ ತುದಿಗೆ, ಸ್ವಲ್ಪ ಓರೆಯಾಗಿ ಕೂರಿಸಿದೆ. ಅಲ್ಲಿಂದ ನಾನೂ ಕಾಣುತ್ತೇನೆ, ಉಳಿದವರ ಮುಖವೂ ಕಾಣುತ್ತದೆ. ಯಂತ್ರ ಎಲ್ಲ ಸದ್ದನ್ನೂ ದೊಡ್ಡದು ಮಾಡುತ್ತದೆ, ಫ್ಯಾನಿನದ್ದೂ, ಬೆಂಚು ಎಳೆಯುವುದೂ. ಮಾತಾಡುವವರು ಒಂದೆರಡು ಮೀಟರ್ ಒಳಗಿದ್ದರೆ ಮಾತ್ರ ಮಾತು ಸ್ಪಷ್ಟ. ಉಳಿದದ್ದನ್ನು ಅವಳು ತುಟಿ ನೋಡಿ ತುಂಬಿಕೊಳ್ಳುತ್ತಾಳೆ. ನಾನೋ ಬೋರ್ಡ್ ಕಡೆ ತಿರುಗಿ ಬರೆಯುತ್ತಲೇ ಮಾತಾಡುವವಳು. ಈ ಚಟ ಬಿಡಲು ತಿಂಗಳು ಹಿಡಿಯಿತು.

ತುಟಿಗೂ ಮಿತಿ ಇದೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ‘ಪಾತ್ರೆ’ ಅಂದೆನಾ ‘ಮಾತ್ರೆ’ ಅಂದೆನಾ ಅಂತ ಮುಖ ನೋಡಿ ಹೇಳಲು ಆಗೋದಿಲ್ಲ. ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ ಹೇಳಿ ನೋಡಿ. ಹೊಸ ಪದ ಬಂದಾಗಲೆಲ್ಲ ಬೋರ್ಡ್ ಮೇಲೆ ಬರೆಯೋದು ಹೀಗೆ ಶುರುವಾಯಿತು. ‘ಕೇಳಿಸ್ತಾ?’ ಅಂತ ಕೇಳೋದನ್ನೂ ಬಿಟ್ಟೆ, ಯಾಕೆಂದರೆ ಅವಳು ಯಾವಾಗಲೂ ಹೂಂ ಅನ್ನುತ್ತಿದ್ದಳು. ‘ಈಗ ಏನು ಮಾಡಬೇಕು, ನೀನೇ ಹೇಳು’ ಅಂತ ಕೇಳಿದರೆ ನಿಜ ಗೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಪೂರ್ತಿ ಅವಳು ಮಂಕಾಗಿದ್ದಳು. ಜ್ವರವೇನೋ ಅಂದುಕೊಂಡೆ. ಮಧ್ಯಾಹ್ನ ಗೊತ್ತಾಯಿತು, ಬ್ಯಾಟರಿ ಮುಗಿದಿತ್ತು. ಆ ಪುಟ್ಟ ಬ್ಯಾಟರಿಗೆ ಒಂದು ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತರೆ ಒಳಗೆ ಗಾಳಿ ಹೋಗಿ ಕೆಲಸ ಶುರು, ಆಮೇಲೆ ಬಳಸಲಿ ಬಿಡಲಿ ಖಾಲಿ ಆಗುತ್ತಾ ಹೋಗುತ್ತದೆ. ಅವಳ ಅಮ್ಮನಿಂದ ಬ್ಯಾಟರಿಗಳ ಒಂದು ಸ್ಟ್ರಿಪ್ ತರಿಸಿ ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡೆ. ಇಡೀ ವರ್ಷ ಅವಳಿಗಾಗಿ ನಾನು ಮಾಡಿದ ಅತಿ ಉಪಯೋಗದ ಕೆಲಸ ಬಹುಶಃ ಇದೇ.

ಪರೀಕ್ಷೆ ಹತ್ತಿರ ಬಂದಾಗ ಹೆಡ್‌ಮಾಸ್ಟರ್ ಹತ್ತಿರ ಹೋದೆ. ಕಿಟಕಿ ಹುಡುಗನಿಗೆ ಪ್ರಶ್ನೆಯನ್ನು ಯಾರಾದರೂ ಓದಿಹೇಳಬೇಕು, ಸ್ವಲ್ಪ ಹೆಚ್ಚು ಸಮಯ ಬೇಕು, ಪರಿಸರದಲ್ಲಿ ಕಾಗುಣಿತಕ್ಕೆ ಅಂಕ ಕಳೆಯಬಾರದು. ಅವರು ಕೆಟ್ಟವರೇನಲ್ಲ. ‘ಉಳಿದವರಿಗೆ ಅನ್ಯಾಯ ಆಗಲ್ವೇನಮ್ಮಾ?’ ಅಂದರು. ನಾನು ತಯಾರಾಗಿ ಹೋಗಿದ್ದೆ. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ದೇಶಗಳ ಸರ್ಕಾರಗಳ ಪ್ರತಿನಿಧಿಗಳು ಸೇರಿ, ಇಂಥ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಕಲಿಯಬೇಕು ಅಂತ ಒಪ್ಪಿದ್ದು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದ 24ನೇ ವಿಧಿ ಪ್ರತಿಯೊಬ್ಬರಿಗೂ ತಕ್ಕ ಹೊಂದಾಣಿಕೆ ಮಾಡಬೇಕು ಅನ್ನೋದು. ಅದೇ ಒಪ್ಪಂದ, ಅಂಥ ಹೊಂದಾಣಿಕೆ ಕೊಡದೆ ಇರೋದನ್ನೇ ತಾರತಮ್ಯ ಅನ್ನೋದು. ಎಲ್ಲ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೇಳಿಸಿಕೊಂಡರು. ‘ಸರ್, ನಿಮ್ಮ ಕನ್ನಡಕ ತೆಗೆದಿಟ್ಟು ಆ ಸರ್ಕ್ಯುಲರ್ ಓದಿ ನೋಡೋಣ’ ಅಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು. ಅವರು ನಕ್ಕು ಸಹಿ ಹಾಕಿದರು. ಸಲಮಾಂಕಾಗಿಂತ ಕನ್ನಡಕವೇ ಕೆಲಸ ಮಾಡಿತು ಅನ್ನಿಸುತ್ತದೆ.

ಪರಿಸರದಲ್ಲಿ ಅವನಿಗೆ 50ಕ್ಕೆ 43 ಬಂತು. ಹಿಂದಿನ ಸಲ 19. ಕನ್ನಡದಲ್ಲಿ 22, ಹಿಂದಿನದಕ್ಕಿಂತ ಐದು ಜಾಸ್ತಿ. ನಿಮಿಷಕ್ಕೆ 18 ಪದ ಓದುತ್ತಿದ್ದವನು ವರ್ಷದ ಕೊನೆಗೆ 33 ಓದುತ್ತಿದ್ದ. ಜೊತೆಯವರಿಗಿಂತ ಇನ್ನೂ ತುಂಬಾ ಹಿಂದೆ. ಮೊದಲ ಎರಡು ಗುರಿ ಮುಟ್ಟಿದ, ಮೂರನೆಯದರಲ್ಲಿ 20ಕ್ಕೆ 11ರಲ್ಲೇ ನಿಂತ. ‘ಭಕ್ತಿ’, ‘ಮುಕ್ತಿ’ ಬರುತ್ತಿತ್ತು. ‘ಸ್ಥಿತಿ’ ಕಂಡರೆ ಟೋಪಿ ಮತ್ತೆ ತಪ್ಪಿ ಹೋಗುತ್ತಿತ್ತು. ಹೊಟ್ಟೆನೋವು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಐದನೇ ತರಗತಿಯ ಟೀಚರ್‌ಗೆ ನೋಟ್‌ಬುಕ್ ಕೊಡಲು ಹೋದೆ. ‘ಈಗ ಸರಿಹೋಗಿದ್ದಾನಾ?’ ಅಂತ ಕೇಳಿದರು. ನಾನು ಕುರ್ಚಿ ಎಳೆದುಕೊಂಡು ಕೂತು, ಹೇಳೋಕೆ ಒಂದು ಗಂಟೆ ತೆಗೆದುಕೊಂಡೆ. ಎಲ್ಲ ಅವರಿಗೆ ಇಷ್ಟವಾಯಿತು ಅಂತೇನಿಲ್ಲ. ಒದ್ದೆ ಬೆರಳಿನ ವಿಷಯ ಮಾತ್ರ ಬರೆದುಕೊಂಡರು.

ಹೊಸ ವರ್ಷ ಶುರುವಾಗಿ ಮೂರನೇ ದಿನ ಅವನು ನನ್ನ ತರಗತಿಯ ಬಾಗಿಲಿಗೆ ಬಂದ. ಕೈಯಲ್ಲಿ ಕಿಟಕಿ ಚೀಟಿ, ಕಿಂಡಿಯ ಒಂದು ತುದಿ ಹರಿದು ನೇತಾಡುತ್ತಿತ್ತು. ‘ಮಿಸ್, ಹರಿದೋಯ್ತು. ಇನ್ನೊಂದು ಮಾಡಿಕೊಡಿ.’ ಕತ್ತರಿ ತೆಗೆದೆ. ಕತ್ತರಿಸುತ್ತಿರುವಾಗ ಅವನು ಬಾಗಿಲ ಹೊರಗೆ ಯಾರನ್ನೋ ಕೈ ಬೀಸಿ ಕರೆದ. ನನಗೆ ಗುರುತಿಲ್ಲದ ಒಬ್ಬ ಹುಡುಗ ಒಳಗೆ ಬಂದು ಅವನ ಹಿಂದೆ ನಿಂತ.

‘ಇವನಿಗೂ ಒಂದು’ ಅಂದ.